ಜಪಾನಿ ಕತ್ತಿಯ ತುಕ್ಕು ತಿಕ್ಕಬೇಡಿ

ಮಾನ್ಯ ಸಂಪಾದಕರೇ,

ಜಪಾನಿನ ಹಳೆಯ ಕತ್ತಿಗಳ ಸಂಗ್ರಹದ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನದ ಎರಡು ಮಾತುಗಳನ್ನು ತಿದ್ದಲೇಬೇಕು. ಹಿಡಿಯೊಳಗಿನ ತುಕ್ಕನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಅಕ್ಷರ ಸ್ಪಷ್ಟವಾಗುತ್ತದೆ ಎಂಬುದು ಒಂದು. ಇಸವಿ ಕೆತ್ತಿದ್ದರೆ ಕತ್ತಿಯ ಕಾಲ ಖಾತ್ರಿ ಎಂಬುದು ಇನ್ನೊಂದು. ಮೊದಲನೆಯದನ್ನು ಮಾಡಿ ಮುಗಿಸಿದವರಿಗೆ ಎರಡನೆಯದನ್ನು ಪರೀಕ್ಷಿಸುವ ದಾರಿಯೇ ಉಳಿಯುವುದಿಲ್ಲ.

ಕಮ್ಮಾರ ತನ್ನ ಹೆಸರನ್ನೂ ತಾರೀಖನ್ನೂ ಕೆತ್ತುವುದು ಹಿಡಿಯೊಳಗೆ ಹೋಗುವ ಭಾಗದಲ್ಲಿ. ಅದಕ್ಕೆ ನಕಾಗೊ ಎಂದು ಹೆಸರು. ಹೆಸರು ಒಂದು ಮಗ್ಗುಲಲ್ಲಿದ್ದರೆ ತಾರೀಖು ಸಾಮಾನ್ಯವಾಗಿ ಹಿಂಬದಿಯಲ್ಲಿ. ಹಿಡಿಯನ್ನು ತಡೆದಿರುವುದು ಮೆಕುಗಿ ಎಂಬ ಬಿದಿರಿನ ಆಣಿ. ಅದರ ಸಪೂರ ತುದಿಯ ಕಡೆಯಿಂದ ಸಣ್ಣ ಹಿತ್ತಾಳೆ ಸುತ್ತಿಗೆಯಲ್ಲಿ ತಟ್ಟಿದರೆ ಹೊರಬರುತ್ತದೆ. ಆಮೇಲೆ ಹಿಡಿಯ ಬುಡವನ್ನು ಎಡಗೈಲಿ ಹಿಡಿದು, ಅಲಗನ್ನು ಮೇಲ್ಮುಖವಾಗಿ ತುಸು ಓರೆಯಾಗಿಸಿ, ಬಲಮುಷ್ಟಿಯಿಂದ ಎಡ ಮಣಿಕಟ್ಟಿಗೆ ಮೆಲ್ಲಗೆ ಗುದ್ದಬೇಕು. ನಕಾಗೊ ಸಡಿಲಗೊಂಡಾಗ ಅಲಗಿನ ಬುಡದ ಲೋಹದ ಪಟ್ಟಿಯನ್ನು ಹಿಡಿದು ಎತ್ತಿಕೊಳ್ಳಿ. ಬಿಗಿಯಾಗಿದೆಯೆಂದು ಕಾಪುತಟ್ಟೆಗೆ ಸುತ್ತಿಗೆ ಬೀಸುವವರಿದ್ದಾರೆ. ತಟ್ಟೆಯೂ ಹೋಗುತ್ತದೆ, ಕೆಲವೊಮ್ಮೆ ಬೆರಳೂ.

ಈಗ ತುಕ್ಕಿನ ವಿಷಯ. ಶತಮಾನಗಳ ತುಕ್ಕು ಕಡುಕಂದು, ಕೆಲವೊಮ್ಮೆ ಹೆಚ್ಚುಕಡಿಮೆ ಕಪ್ಪು, ಗಟ್ಟಿಯಾಗಿ ನಯವಾಗಿರುತ್ತದೆ. ಆಮ್ಲ ಹಾಕಿ ಬರಿಸಿದ ತುಕ್ಕು ಹಳದಿಗೆಂಪು, ಪುಡಿಪುಡಿ, ಎಲ್ಲ ಕಡೆಗೂ ಒಂದೇ ಸಮ. ಅಸಲಿ ಅಕ್ಷರವನ್ನು ಉಳಿಯಿಂದ ಹೊಡೆದಿರುತ್ತಾರೆ. ಕಬ್ಬಿಣ ಕಿತ್ತುಬರುವುದಿಲ್ಲ, ಪಕ್ಕಕ್ಕೆ ಸರಿದು ಗೆರೆಯ ಅಂಚಿನಲ್ಲಿ ಸಣ್ಣ ಬದುವಿನಂತೆ ಏಳುತ್ತದೆ. ಹಳೆಯದರಲ್ಲಿ ಆ ಬದು ಸವೆದು ಮೃದುವಾಗಿರುತ್ತದೆ, ಗೆರೆಯ ತಳಕ್ಕೂ ಸುತ್ತಲಿನ ಮೈಗೂ ಒಂದೇ ಬಣ್ಣ. ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು ಬೆಳಕನ್ನು ಪಕ್ಕದಿಂದ ಬಿಡಿ. ತುಕ್ಕು ತಿಂದು ಮಾಡಿದ ಗುಂಡಿಯೊಂದು ಅಕ್ಷರದ ಗೆರೆಯನ್ನೂ ತಿಂದಿದ್ದರೆ ಒಳ್ಳೆಯ ಲಕ್ಷಣ. ಗೆರೆಯೇ ಗುಂಡಿಯೊಳಗಿಳಿದು ಮತ್ತೆ ಮೇಲೆ ಹತ್ತಿದ್ದರೆ, ಅಕ್ಷರ ಬಂದದ್ದು ಗುಂಡಿಯಾದ ಮೇಲೆ. ಹೆಸರಿಲ್ಲದ ನಿಜವಾದ ಹಳೇ ಕತ್ತಿಗೆ ಆಮೇಲೆ ದೊಡ್ಡ ಹೆಸರು ಹೊಡೆಯುವುದೇ ಹೆಚ್ಚು ನಡೆಯುವ ಮೋಸ. ಹುಣಸೆಹಣ್ಣು ಅಳಿಸಿಹಾಕುವುದು ಇದೇ ಸಾಕ್ಷ್ಯವನ್ನು.

ತಾರೀಖು ಓದುವುದರಲ್ಲೂ ಹಳ್ಳಗಳಿವೆ. ಜಪಾನಿನಲ್ಲಿ ವರ್ಷವನ್ನು ಆಗ ನಡೆಯುತ್ತಿದ್ದ ಯುಗದ ಹೆಸರು ಹೇಳಿ, ಅದರ ಎಷ್ಟನೇ ವರ್ಷ ಎಂದು ಎಣಿಸುತ್ತಾರೆ. ಲೆಕ್ಕವೇನೋ ಸುಲಭ: ಯುಗ ಆರಂಭವಾದ ಇಸವಿಗೆ ಯುಗದ ವರ್ಷ ಕೂಡಿಸಿ ಒಂದು ಕಳೆಯಿರಿ. ಓಎಯಿ ಯುಗ 1394ರಲ್ಲಿ ಶುರುವಾಯಿತು, ಓಎಯಿ 21 ಎಂದರೆ 1414. ಯುಗದ ಮೊದಲ ವರ್ಷವನ್ನು 'ಒಂದನೇ ವರ್ಷ' ಎಂದು ಬರೆಯುವ ರೂಢಿಯಿಲ್ಲ, 'ಗನ್ನೆನ್' ಎನ್ನುತ್ತಾರೆ. ಒಂದು ಎಂಬ ಅಂಕಿ ಕಂಡರೆ ಅನುಮಾನಿಸಿ. ಎರಡನೇ ತಿಂಗಳು, ಎಂಟನೇ ತಿಂಗಳು ಮತ್ತೆ ಮತ್ತೆ ಬರುತ್ತವೆ. ಅದು ರೂಢಿಯ ಬರಹ, ನಕಲಿಯ ಗುರುತಲ್ಲ. ಕೊನೆಯಲ್ಲಿ ಸಂಖ್ಯೆಯಿಲ್ಲದೆ 'ದಿನ' ಎಂಬ ಅಕ್ಷರವೊಂದೇ ಇರುವುದೂ ಮಾಮೂಲು.

ಮಾರುವವರು ರೋಮನ್ ಲಿಪಿಯಲ್ಲಿ 'ಶೋವಾ 4' ಎಂದಷ್ಟೇ ಬರೆದರೆ ಫೋಟೊ ಕೇಳಿ. ಉಚ್ಚಾರ ಒಂದೇ, ಯುಗ ಎರಡು. ಮೊದಲಕ್ಷರ ಐದು ಗೆರೆಯದಾದರೆ 1315. ಎಡಕ್ಕೆ ಸೂರ್ಯನ ಚಿಹ್ನೆ ಇರುವ ಒಂಬತ್ತು ಗೆರೆಯದಾದರೆ 1929. ಬೆಲೆಯಲ್ಲಿ ಅಜಗಜಾಂತರ. ಹಾಗೆಯೇ 'ಕೆನ್ಮು 4' ಕಂಡೊಡನೆ ನಕಲಿ ಎಂದು ಎಸೆಯಬೇಡಿ. ಹದಿನಾಲ್ಕನೆಯ ಶತಮಾನದಲ್ಲಿ ಉತ್ತರ, ದಕ್ಷಿಣ ಎಂದು ಎರಡು ಆಸ್ಥಾನಗಳಿದ್ದು ಯುಗದ ಹೆಸರೂ ಬೇರೆಬೇರೆ. ದಕ್ಷಿಣದವರು 1336ರಲ್ಲೇ ಕೆನ್ಮು ಬಿಟ್ಟರು, ಉತ್ತರದವರು 1338ರವರೆಗೆ ಬಳಸಿದರು. ಕಮ್ಮಾರನ ಊರು ಯಾರ ಕಡೆಗಿತ್ತು ಎಂಬುದು ತಾರೀಖಿನಲ್ಲೇ ಸಿಗುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ಯುಗದ ಹೆಸರೇ ಇಲ್ಲ. ಜಪಾನಿನ ಸೈತಾಮಾ ಪ್ರಾಂತ್ಯದ ಇನಾರಿಯಾಮಾ ಸಮಾಧಿ ದಿಬ್ಬದಲ್ಲಿ 1968ರಲ್ಲಿ ಸಿಕ್ಕ ಕಬ್ಬಿಣದ ಕತ್ತಿಯಲ್ಲಿ ಚಿನ್ನ ಕೂಡಿಸಿದ 115 ಅಕ್ಷರಗಳಿವೆ ಎಂದು ಗೊತ್ತಾದದ್ದು ಹತ್ತು ವರ್ಷದ ಮೇಲೆ, ಎಕ್ಸ್‌ರೇಯಲ್ಲಿ. ಅಲ್ಲಿರುವುದು ಅರವತ್ತು ವರ್ಷದ ಚಕ್ರದ ಒಂದು ವರ್ಷದ ಹೆಸರು ಮಾತ್ರ. ಅದು 471 ಎಂದು ಹೆಚ್ಚಿನವರು, 531 ಎಂದು ಕೆಲವರು. ಶಕವರ್ಷ ಬಿಟ್ಟು ಸಂವತ್ಸರದ ಹೆಸರಷ್ಟೇ ಇರುವ ನಮ್ಮ ಶಾಸನಗಳ ಮುಂದೆ ತಲೆ ಕೆರೆದುಕೊಂಡವರಿಗೆ ಈ ಜಗಳ ಹೊಸತಲ್ಲ.

ಹಳೆಯ ತಾರೀಖು ಅಪರೂಪವಾಗಲು ಕಾರಣವೂ ನಕಾಗೊದಲ್ಲೇ ಇದೆ. ತಾಚಿ ಎಂಬ ಉದ್ದದ ಬಾಗುಕತ್ತಿಗಳನ್ನು ಮುಂದಿನ ತಲೆಮಾರು ಮೋಟು ಮಾಡಿಕೊಂಡಿತು. ಕತ್ತರಿಸಿದ್ದು ಮೊನೆಯ ಕಡೆಯಲ್ಲ, ಬುಡದ ಕಡೆ. ಹೆಸರೂ ತಾರೀಖೂ ತುಂಡಿನ ಜೊತೆ ಹೋದವು. ಒಸಾಫುನೆಯ ಕಗೆಮಿತ್ಸು ಮಾಡಿದ 'ಕೊರ್ಯು ಕಗೆಮಿತ್ಸು' ಮೇಲೆ ಗೆಂಕೊ 2, ಅಂದರೆ 1322 ಎಂಬುದು ಉಳಿದಿದೆ. ಅಂಥವು ರಾಷ್ಟ್ರೀಯ ನಿಧಿಗಳು, ಮಾರುಕಟ್ಟೆಯ ಸರಕಲ್ಲ. ಕೆಲವೊಮ್ಮೆ ಸಹಿಯ ತುಂಡನ್ನು ಕತ್ತರಿಸಿ ಹೊಸ ಬುಡಕ್ಕೆ ಕೂರಿಸಿರುತ್ತಾರೆ. ಅದು ಪ್ರಾಮಾಣಿಕ ಕೆಲಸವಿರಬಹುದು, ಬೇರೆ ಕತ್ತಿಯದನ್ನು ತಂದು ಕೂರಿಸಿದ್ದೂ ಇರಬಹುದು. ಕೂರಿಸಿದ ಆ ಚೌಕದ ತುಂಡಿನ ಅಂಚು ನೋಡಿ.

ಕಾಗದಪತ್ರದಲ್ಲಿಯೂ ಗೊಂದಲವಿದೆ. ಜಪಾನಿನ ಪ್ರಾಂತೀಯ ಶಿಕ್ಷಣ ಮಂಡಳಿ ಕೊಡುವ ನೋಂದಣಿ ಪತ್ರ ಕತ್ತಿ ಇಟ್ಟುಕೊಳ್ಳಲು ಕಾನೂನಿನ ಒಪ್ಪಿಗೆಯಷ್ಟೆ, ಸಹಿ ಅಸಲಿ ಎಂಬ ಪ್ರಮಾಣವಲ್ಲ. ಪ್ರಮಾಣ ಬೇಕಾದರೆ ಕತ್ತಿಗಳ ಸಂರಕ್ಷಣೆಗೆಂದೇ 1948ರಲ್ಲಿ ಹುಟ್ಟಿದ ನಿಹೊನ್ ಬಿಜುತ್ಸು ತೋಕೆನ್ ಹೊಜೊನ್ ಕ್ಯೋಕಾಯಿ ಸಂಸ್ಥೆಯ ಪರಿಶೀಲನಾ ಪತ್ರ ನೋಡಿ. 1982ಕ್ಕೆ ಹಿಂದಿನ ಪತ್ರಗಳಿಗೆ ಈಗ ಅಷ್ಟು ಬೆಲೆಯಿಲ್ಲ. ದೇಶದಿಂದ ಹೊರಗೆ ಒಯ್ಯಲು ಅಲ್ಲಿನ ಸಾಂಸ್ಕೃತಿಕ ಇಲಾಖೆಯ ಅನುಮತಿ ಪತ್ರ ಬೇಕು. ಇಲ್ಲಿಗೆ ತರುವವರು ಹಣ ಕಟ್ಟುವ ಮೊದಲೇ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಏನು ಬೇಕೆಂದು ವಿಚಾರಿಸಿಕೊಳ್ಳಲಿ.

ಲೇಖನ ಓದಿ ಯಾರಾದರೂ ಹುಣಸೆಹುಳಿ ಹಚ್ಚಿಬಿಟ್ಟಿದ್ದರೆ ಅಲ್ಲಿಗೇ ನಿಲ್ಲಿಸಿ. ಸ್ಪಿರಿಟ್ ಹಚ್ಚಿದ ಹತ್ತಿಯಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಲವಂಗದ ಎಣ್ಣೆ ಬೆರೆಸಿದ ಕತ್ತಿಯೆಣ್ಣೆಯನ್ನು ಪಸೆಯಷ್ಟೇ ಸವರಿ. ಹೋದ ಬಣ್ಣವನ್ನು ಔಷಧಿ ಹಾಕಿ ಮರಳಿ ತರಲು ಹೋಗಬೇಡಿ. ಪರಿಶೀಲನೆಗೆ ಕೂತವರು ಅದನ್ನು ನಕಲಿಯ ಲೆಕ್ಕಕ್ಕೇ ಸೇರಿಸುತ್ತಾರೆ.

ಇಂತಿ,
ಒಬ್ಬ ಓದುಗ, ಮೈಸೂರು