ಮಳೆಗಾಲಕ್ಕೆ ಮುಂಚೆ ಔಷಧಿ ಪೆಟ್ಟಿಗೆ: ಪುಣೆಯ ಕನ್ನಡಿಗರಲ್ಲಿ ಒಂದು ಮನವಿ

ಬಂಧುಗಳೇ, ನಮಸ್ಕಾರ.

2019ರ ನಾಗರ ಪಂಚಮಿ ನಿಮಗೂ ನೆನಪಿರಬೇಕು. ನೆರೆ ಬಂದು, ತವರಿಗೆ ಹೊರಟ ಹೆಣ್ಣುಮಕ್ಕಳಿಗೆ ದಾರಿಯೇ ಇಲ್ಲದಂತಾಯಿತು. ಸಾಂಗ್ಲಿಯಲ್ಲಿ ಅಪಾಯದ ಮಟ್ಟ 45 ಅಡಿ. ಕೃಷ್ಣಾ 57 ಅಡಿ ದಾಟಿದ್ದಳು. ಕೊಲ್ಹಾಪುರದ ಹತ್ತಿರ ಬೆಂಗಳೂರು ಹೆದ್ದಾರಿ ಹಲವು ದಿನ ಬಂದ್. ಆಚೆ ಬೆಳಗಾವಿ, ಬಾಗಲಕೋಟೆ ಕಡೆ ಮಲಪ್ರಭಾ, ಘಟಪ್ರಭಾ ಊರೊಳಗೆ ನುಗ್ಗಿದ್ದವು.

ಇಂಥ ಹೊತ್ತಲ್ಲಿ ಬಟ್ಟೆ, ಬಿಸ್ಕಿಟ್ ರಾಶಿ ಬೀಳುತ್ತವೆ. ಔಷಧಿ ಅಂತ ಬರುವುದು ಮನೆಯಲ್ಲಿ ತಿಂದು ಉಳಿದ ಗುಳಿಗೆ. ಅದನ್ನು ದಯವಿಟ್ಟು ಕಳಿಸಬೇಡಿ. ಹೆಸರು ಹರಿದ, ತಾರೀಖು ಕಾಣದ ಗುಳಿಗೆಯನ್ನು ಯಾವ ಡಾಕ್ಟರೂ ಕೊಡುವಂತಿಲ್ಲ. ದಾನದ ಔಷಧಿ ತಲುಪುವಾಗ ಇನ್ನೂ ಒಂದು ವರ್ಷವಾದರೂ ಅವಧಿ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲೇ ಹೇಳಿದೆ. ನೆರೆಗೆ ಮುಂಚೆಯೇ ಔಷಧಿ ಕೊಂಡಿಡಲು ನಮ್ಮ ಟ್ರಸ್ಟಿಗೆ ಬೇಕಿರುವುದು ಹಣ.

ನೆರೆ ಅಂದರೆ ವಾಂತಿಭೇದಿ ಒಂದೇ ಅಲ್ಲ. ಅದಕ್ಕೆ ಓಆರ್‌ಎಸ್, ಮಕ್ಕಳಿಗೆ ಝಿಂಕ್, ನೀರಿಗೆ ಕ್ಲೋರಿನ್ ಗುಳಿಗೆ ಬೇಕೇ ಬೇಕು. ಆದರೆ ಕಾಳಜಿ ಕೇಂದ್ರಕ್ಕೆ ಬಂದ ಅಜ್ಜನಿಗೆ ದಿನದ ಬಿಪಿ ಗುಳಿಗೆಯೂ ಬೇಕು, ಅಲ್ವಾ? ನೀರು ನುಗ್ಗಿದಾಗ ಅದನ್ನು ಹುಡುಕುತ್ತಾ ಕೂರುವವರು ಯಾರು? ದಿನಗಟ್ಟಲೆ ತಪ್ಪಿದರೆ ಲಕ್ವಾದ ಭಯ. ಇನ್ಸುಲಿನ್‌ದು ಇನ್ನೂ ಕಷ್ಟ. ಅದರ ದಾಸ್ತಾನು 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಕರೆಂಟಿಲ್ಲದ ಊರಿಗೆ ಐಸ್ ಪೆಟ್ಟಿಗೆಯನ್ನೂ ನಾವೇ ಒಯ್ಯಬೇಕು.

ನೀರು ಇಳಿದ ಮೇಲೆ ಇಲಿಜ್ವರದ ಸರದಿ. ಮುಂಬೈಯವರನ್ನು ಕೇಳಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಬಿತ್ತು, ಹಿಂದೆಯೇ ಲೆಪ್ಟೊ, ಅಂದರೆ ಇದೇ ಇಲಿಜ್ವರ, ಹರಡಿತು. ಇಲಿಯ ಉಚ್ಚೆ ಬೆರೆತ ನೀರು ಕಾಲಿನ ಸಣ್ಣ ಗಾಯವಿದ್ದರೂ ಸಾಕು, ರೋಗ ತರುತ್ತದೆ. ಹಾಗಾಗಿ ಕೆಸರು ಬಳಿಯುವವರಿಗೆ ಗಮ್‌ಬೂಟು ಕೊಡಬೇಕು. ನೀರಲ್ಲಿ ನಡೆದವರಿಗೆ 72 ಗಂಟೆಯೊಳಗೆ, ಡಾಕ್ಟರು ನೋಡಿ ಹೇಳಿದಂತೆ, ಇಲಿಜ್ವರ ತಡೆಯುವ ಡಾಕ್ಸಿಸೈಕ್ಲಿನ್ ಗುಳಿಗೆ ಕೊಡಬೇಕು. ನೆರೆ ಬಂದ ಮೇಲೆ ಚಂದಾ ಎತ್ತಿ, ಔಷಧಿ ಕೊಂಡು, ಮುಚ್ಚಿದ ಹೆದ್ದಾರಿಯಲ್ಲಿ ಹೊರಟರೆ ಈ 72 ಗಂಟೆ ಎಲ್ಲಿ ಉಳಿಯುತ್ತದೆ?

ಅದಕ್ಕೇ ಕಾರಹುಣ್ಣಿಮೆಯೊಳಗೆ ಪೆಟ್ಟಿಗೆ ತುಂಬಿಸಿಡಬೇಕೆಂದಿದ್ದೇವೆ. ತಾಲೂಕು ಆರೋಗ್ಯಾಧಿಕಾರಿ ಕೇಳಿದ ಊರಿಗೆ ಮಾತ್ರ ನಮ್ಮ ಡಾಕ್ಟರು, ನರ್ಸುಗಳು ಹೋಗುತ್ತಾರೆ. ಸುಮ್ನೆ ಬೋಟ್ ಹತ್ತಿ ಫೋಟೊ ತೆಗೆಸಿಕೊಳ್ಳುವವರು ಜಾಸ್ತಿಯೇ ಇದ್ದಾರೆ, ಆ ಸಾಲಿಗೆ ನಾವು ಬೇಡ. ಈ ಮಳೆಗಾಲ ಶಾಂತವಾಗಿ ಕಳೆದರೆ ಒಳ್ಳೆಯದೇ. ಅವಧಿ ಮುಗಿಯುವ ಮುಂಚೆ ಔಷಧಿಯನ್ನು ಬಡವರ ದವಾಖಾನೆಗೆ ಕೊಟ್ಟುಬಿಡುತ್ತೇವೆ.

500 ರೂಪಾಯಿ ಆದರೂ ಸರಿ, ನಿಮ್ಮ ಶಕ್ತಿ ಇದ್ದಷ್ಟು ಕೊಡಿ. ಮೆಡಿಕಲ್ ಅಂಗಡಿ ಇರುವವರು ಹೋಲ್‌ಸೇಲ್ ದರಕ್ಕೆ ಮಾಲು ಕೊಡಿಸಿದರೂ ದೊಡ್ಡ ಉಪಕಾರ. ಖರೀದಿಯ ಬಿಲ್ಲುಗಳನ್ನು ಕಚೇರಿಯ ಫಲಕದಲ್ಲಿ ಹಚ್ಚುತ್ತೇವೆ. ಯಾರು ಬೇಕಾದರೂ ಬಂದು ನೋಡಬಹುದು. ಚೆಕ್ಕನ್ನು ಟ್ರಸ್ಟಿನ ಹೆಸರಿಗೇ ಬರೆಯಿರಿ, ಇಲ್ಲವೇ ಕಚೇರಿಯಲ್ಲಿರುವ ಯುಪಿಐ ಕೋಡ್ ಬಳಸಿ. ನಗದು 2,000 ರೂಪಾಯಿ ಮೀರಿದರೆ ದಾನದ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ರಸೀದಿಗೆ ಪಾನ್ ನಂಬರ್ ತಪ್ಪದೆ ಕೊಡಿ.

ಇಂತಿ,
ಟ್ರಸ್ಟಿನ ಪದಾಧಿಕಾರಿಗಳು, ಪುಣೆ