ವೀಸಾ ಬಂದ ಮೇಲೆ ಎಡವುವ ಶಿಕ್ಷಕರು

ಮಾನ್ಯರೇ,

ವಿದೇಶದ ಶಾಲೆಯಲ್ಲಿ ಕೆಲಸ ಸಿಕ್ಕ ಶಿಕ್ಷಕರು ಪಾಠದ ಟಿಪ್ಪಣಿಯನ್ನು ಕಟ್ಟುಗಟ್ಟಲೆ ಹೊತ್ತೊಯ್ಯುತ್ತಾರೆ. ಮೊದಲ ಎರಡು ವಾರ ಅವರು ಎಡವುವುದು ಪಾಠದಲ್ಲಲ್ಲ, ಪಟ್ಟಿಗಳಲ್ಲಿ.

ಎಲ್ಲ ಕಡೆ ಜೂನ್‌ನಲ್ಲೇ ಶಾಲೆ ಶುರುವಾಗುವುದಿಲ್ಲ. ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್, ಜಪಾನಿನಲ್ಲಿ ಏಪ್ರಿಲ್, ಆಸ್ಟ್ರೇಲಿಯಾದಲ್ಲಿ ಜನವರಿ ಕೊನೆ ಇಲ್ಲವೇ ಫೆಬ್ರುವರಿ ಮೊದಲು. ಆ ದಿನದಿಂದ ಹಿಂದಕ್ಕೆ ಎಣಿಸಿ ಪದವಿಪತ್ರ, ಅಂಕಪಟ್ಟಿಗಳಂಥ ದಾಖಲೆಗಳ ಕೆಲಸ ಹಿಡಿಯಬೇಕು. ಅಪೊಸ್ಟೀಲ್ ಎಂದರೆ ದಾಖಲೆ ಅಸಲಿ ಎಂದು ಬೇರೆ ದೇಶಗಳಿಗೆ ತಿಳಿಸುವ ಸರ್ಕಾರಿ ದೃಢೀಕರಣ; ಅದನ್ನು ಪರಸ್ಪರ ಒಪ್ಪಿಕೊಳ್ಳುವ ದೇಶಗಳ ಹೇಗ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿತು. ಒಪ್ಪಂದದಲ್ಲಿರುವ ದೇಶಕ್ಕೆ ಹೋಗುವವರಿಗೆ ಸಾಮಾನ್ಯವಾಗಿ ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್ ಸಾಕು. ಹೊರಗಿರುವ ದೇಶವಾದರೆ ಸಚಿವಾಲಯದ ಮುದ್ರೆಯ ನಂತರ ಆ ದೇಶದ ರಾಯಭಾರ ಕಚೇರಿಗೂ ಪತ್ರಗಳು ಹೋಗಬೇಕು. ಇಲ್ಲಿ ಕೈಕೊಡುವುದು ಲ್ಯಾಮಿನೇಷನ್. ಜೋಪಾನವಾಗಿರಲಿ ಎಂದು ಮಾಡಿಸಿದ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಮುದ್ರೆಯ ಶಾಯಿ ನಿಲ್ಲುವುದಿಲ್ಲ. ಇಸ್ತ್ರಿಪೆಟ್ಟಿಗೆಯ ಬಿಸಿ ತಾಗಿಸಿ ಬಿಡಿಸಲು ಹೋದರೆ ಅಕ್ಷರಗಳೇ ಪ್ಲಾಸ್ಟಿಕ್ಕಿನ ಜೊತೆ ಎದ್ದು ಬರಬಹುದು. ವಿಶ್ವವಿದ್ಯಾಲಯದಿಂದ ಇನ್ನೊಂದು ಪ್ರತಿ ಪಡೆಯುವುದೇ ಕ್ಷೇಮ, ಆದರೆ ಅದಕ್ಕೂ ವಾರಗಳು ಬೇಕು. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ಣ ಹೆಸರು ಇದ್ದರೆ ಅದನ್ನೂ ಆಗಲೇ ಇತ್ಯರ್ಥ ಮಾಡಿಕೊಳ್ಳಬೇಕು.

ಶಾಲೆ ತಲುಪಿದ ಮೇಲೆ ಮೊದಲ ಪಟ್ಟಿ ಹಾಜರಿಯದು. ಚೀನಾ, ಕೊರಿಯಾ, ವಿಯೆಟ್ನಾಂ ಕಡೆಯ ಹೆಸರುಗಳಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ. ಮೊದಲ ಪದವನ್ನೇ ಹಿಡಿದು ಕೂಗಿದರೆ ಮೂರು ಜನ ಕಿಮ್‌ಗಳು ಒಟ್ಟಿಗೆ ಎದ್ದು ನಿಲ್ಲುತ್ತಾರೆ. ಪ್ರತಿ ಮಗುವಿನಿಂದ ಎರಡು ಸಲ ಹೆಸರು ಹೇಳಿಸಿ, ಕೇಳಿದ ಹಾಗೆಯೇ ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ. ಉಚ್ಚಾರ ಹಿಡಿದಿಡಲು ಇಂಗ್ಲಿಷಿಗಿಂತ ನಮ್ಮ ಲಿಪಿಯೇ ಎಷ್ಟೋ ವಾಸಿ.

ಎರಡನೆಯದು ಅಲರ್ಜಿ ಪಟ್ಟಿ. ಮೊದಲ ದಿನದ ಊಟದ ಗಂಟೆ ಹೊಡೆಯುವ ಮುಂಚೆ ಇದು ಕೈಯಲ್ಲಿರಲೇಬೇಕು. ಕಡಲೆಕಾಯಿ ಅಲರ್ಜಿ ತೀವ್ರವಾಗಿರುವ ಮಗುವಿಗೆ ಕೆಲವೇ ನಿಮಿಷಗಳಲ್ಲಿ ಉಸಿರು ಕಟ್ಟಬಹುದು. ಅಂಥ ಹೊತ್ತಿಗೆ ತಕ್ಷಣ ಚುಚ್ಚುವ ಸಿದ್ಧ ಇಂಜೆಕ್ಷನ್ ಆದ ಅಡ್ರಿನಲಿನ್ ಪೆನ್ ಎಲ್ಲಿದೆ, ಅವಧಿ ಮುಗಿದಿದೆಯೇ, ಇಟ್ಟಿರುವ ಕಪಾಟಿಗೆ ಬೀಗ ಹಾಕಿದ್ದಾರೆಯೇ ಎಂದು ಕೇಳುವುದಲ್ಲ, ಹೋಗಿ ನೋಡಬೇಕು. ಬೀಗ ಹಾಕಿ, ಕೀಲಿಕೈ ರಜೆಯಲ್ಲಿರುವವರ ಬಳಿ ಇದ್ದರೆ ಪೆನ್ ಇದ್ದೂ ಇಲ್ಲದಂತೆ. ಚುಚ್ಚುವುದು ತೊಡೆಯ ಹೊರಬದಿಗೆ, ಬಟ್ಟೆಯ ಮೇಲಿಂದಲೂ ಆಗುತ್ತದೆ. ಪರಿಚಯದ ಖುಷಿಗೆ ಸಿಹಿ ಹಂಚುವ ನಮ್ಮ ಅಭ್ಯಾಸವನ್ನು ದಯವಿಟ್ಟು ಗೇಟಿನ ಹೊರಗೇ ಬಿಟ್ಟು ಹೋಗಿ.

ಪಾಠ ಶುರುವಾದಾಗ ಕೆಲವು ಮಕ್ಕಳು ಬಾಯಿಯೇ ಬಿಡುವುದಿಲ್ಲ. ಹೊಸ ಭಾಷೆಯ ನಡುವೆ ಬಿದ್ದ ಮಗು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬರೀ ಕೇಳಿಸಿಕೊಳ್ಳುತ್ತದೆ. ಅದಕ್ಕೆ ದಡ್ಡತನದ ಹಣೆಪಟ್ಟಿ ಬೇಡ. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮನಸ್ಸಿನಲ್ಲೇ ಐದರವರೆಗೆ ಎಣಿಸಿ.

ಮಗುವೊಂದು ಬಂದು ಮನೆಯ ಕಷ್ಟವನ್ನೋ ಹೊಡೆತವನ್ನೋ ಹೇಳಿಕೊಂಡರೆ ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬಾರದು. ಕೆದಕಿ ಕೇಳದೆ, ಮಗು ಆಡಿದ ಮಾತನ್ನೇ ಬರೆದುಕೊಂಡು, ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ಅಂದೇ ಒಪ್ಪಿಸಬೇಕು. ತರಗತಿಯ ಫೋಟೊ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹೋಗಲೇಬಾರದು. ಕೆಲಸ ಹೋಗಲು ಅಷ್ಟು ಸಾಕು.

ಬಿ.ಇಡಿ. ಕಾಲೇಜುಗಳು ಇದನ್ನೆಲ್ಲ ಕಲಿಸುವವರೆಗೆ, ಹೊರಡುವವರೇ ಕೇಳಿ ತಿಳಿಯಬೇಕು. ಕೆಲಸದ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಮೂರು ವಿಷಯಗಳನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ: ಮಕ್ಕಳು ಬರುವ ಎಷ್ಟು ದಿನ ಮುಂಚೆ ಶಿಕ್ಷಕರು ಹಾಜರಿರಬೇಕು, ಆ ದಿನಗಳಿಗೆ ಸಂಬಳ ಇದೆಯೇ, ತರಗತಿಯ ಪಟ್ಟಿ ಯಾವಾಗ ಕೈಸೇರುತ್ತದೆ.

– ಒಬ್ಬ ನಿವೃತ್ತ ಶಿಕ್ಷಕಿ