ಕ್ವಿಬೆಕ್ ಮೆಟ್ಟಿಲಿಗೆ ಹೊರಟ ಗೆಳೆಯನಿಗೆ

ಗೆಳೆಯಾ,

ಈ ಚಳಿಗಾಲ ಕೆನಡಾದ ಕ್ವಿಬೆಕ್ ಸಿಟಿಯ ಬೀದಿಯಲ್ಲಿ ಸ್ಕೀ ಮಾಡೋದು, ಅಂದರೆ ಹಿಮದ ಮೇಲೆ ಓಡಿ ಬಂದು ಮೆಟ್ಟಿಲ ಪಕ್ಕದ ಕೈಕಂಬಿ ಹತ್ತಿ ಅದರ ಮೇಲೆ ಜಾರಿ ಇಳಿಯೋದು, ಅಷ್ಟು ಕಷ್ಟಕ್ಕೆ, ಅಪಾಯಕ್ಕೆ ತಕ್ಕದ್ದಾ ಅಂತ ಕೇಳಿದ್ದೀಯ. ನಾಲ್ಕು ಜನ ಓದಲಿ ಅಂತ ಇಲ್ಲೇ ಬರೀತಿದ್ದೀನಿ. ನಮ್ಮಿಬ್ಬರಿಗೇ ಗೊತ್ತಿರೋ 'ಎರಡನೇ ಲೋಟ'ದ ವಿಷಯ ಎತ್ತಲ್ಲ, ಮಾತು ಕೊಟ್ಟಿದ್ದೀನಲ್ಲ.

ಊರೇನೋ ಸರಿಯಾದದ್ದೇ. ಮೇಲಿನ ಪೇಟೆಯಿಂದ ಕೆಳಗಿನ ಪೇಟೆಗೆ ಉದ್ದುದ್ದ ಮೆಟ್ಟಿಲು, ಚಳಿಗಾಲಕ್ಕೆ ಸುಮಾರು 3 ಮೀಟರ್ ಹಿಮ. ಆದರೆ ಮೊದಲು ಲೆಕ್ಕ ಹಾಕು. ಮೆಟ್ಟಿಲಿಗೆ 17 ಸೆಂ.ಮೀ. ಅಂದರೂ 20 ಮೆಟ್ಟಿಲಿಗೆ 3.4 ಮೀಟರ್ ಇಳಿತ. ಕಂಬಿ ಹತ್ತೋಕೆ ಗಂಟೆಗೆ 25 ಕಿ.ಮೀ. ವೇಗ ಬೇಕು ಅಂತಿಟ್ಟುಕೋ. ಹಿಮ ಒಂದಿಷ್ಟೂ ತಡೆಯಲ್ಲ ಅಂದುಕೊಂಡರೂ ಅದಕ್ಕೆ ಎರಡೂವರೆ ಮೀಟರ್ ಎತ್ತರದಿಂದ ಜಾರಿ ಬರಬೇಕು. ಸಪಾಟು ರಸ್ತೇಲಿ ಅದು ಎಲ್ಲಿ ಸಿಗುತ್ತೆ? ಅದಕ್ಕೇ ಪೆಟ್ರೋಲ್ ವಿಂಚ್, ಹಗ್ಗ ಸುತ್ತಿಕೊಳ್ತಾ ನಿನ್ನನ್ನ ಎಳೆಯೋ ಯಂತ್ರ. ಅದರ ಹಗ್ಗ ಎಳೆದರೆ ಹಿಗ್ಗಬಾರದು. ಹಿಡಿಯನ್ನ ಬರೀ ಹಿಡಿದುಕೋ. ಕೈಗೆ ಸುತ್ತಬೇಡ, ಸೊಂಟಕ್ಕೆ ಕಟ್ಟಬೇಡ. ಕಂಬಿಗೆ ಹಾರೋಕೆ ಮಾಡಿಟ್ಟ ಹಿಮದ ದಿಬ್ಬಕ್ಕೆ ಎರಡು ಮೂರು ಮೀಟರ್ ಇರುವಾಗಲೇ ಬಿಟ್ಟುಬಿಡು. ಬಿಟ್ಟ ಹಿಡಿ ವಿಂಚ್ ಕಡೆಗೇ ಹಾರುತ್ತೆ, ಅಲ್ಲಿ ನಿಂತವನ ಮುಂದೆ ಒಂದು ಪ್ಲೈವುಡ್ ಹಲಗೆ ಇರಲಿ.

ಕಂಬಿ ಮೇಲೆ ತೆಳು ಗ್ಲೌಸ್ ಹಾಕಿ ತುದಿಯಿಂದ ತುದಿಗೆ ಬೆರಳಾಡಿಸು. ಬೆಸುಗೆಯ ಗಂಟು, ಸ್ಕ್ರೂ ತಲೆ ಕಣ್ಣಿಗೆ ಕಾಣಲ್ಲ, ಬೆರಳಿಗೆ ತಾಗುತ್ತೆ. ಬೂಟಿನ ಕೆಳಗೆ, ಅದರ ಹಿಂದೆ ಮುಂದೆ ಒಂದು ಗೇಣು, ಸ್ಕೀಯ ಉಕ್ಕಿನ ಅಂಚನ್ನ ಅರದಿಂದ ಉಜ್ಜಿ ದುಂಡಗೆ ಮಾಡು. ಚೂಪಾಗಿದ್ದರೆ ಗಂಟಿಗೆ ಕಚ್ಚಿ ಸ್ಕೀ ನಿಲ್ಲುತ್ತೆ, ಮೈ ನಿಲ್ಲಲ್ಲ. ಕಂಬಿ ಸಪಾಟಾಗಿ ಮತ್ತೆ ಬಾಗೋ ಕಡೆ ಹೆದರಿ ಹಿಂದಕ್ಕೆ ವಾಲಿದರೆ ಕಾಲು ಮುಂದೆ ಜಾರಿ ಬೆನ್ನು ಕಬ್ಬಿಣಕ್ಕೆ ಬಡಿಯುತ್ತೆ.

ಸಲಿಕೆ ಕೆಲಸ ಹೆಚ್ಚು ಬೇಕಾದ್ದು ಇಳಿಯೋ ಜಾಗಕ್ಕೆ. ಮೂರು ಮೀಟರಿಂದ ಬಿದ್ದರೆ ನೆಲ ಮುಟ್ಟುವಾಗ ಗಂಟೆಗೆ 28 ಕಿ.ಮೀ. ನೆಲ ಸಪಾಟಾಗಿದ್ದರೆ ಅಷ್ಟೂ ಮಂಡಿಗೆ ಬರುತ್ತೆ. ಇಳಿಜಾರಾಗಿ ಹಿಮ ಹಾಕಿದ್ದರೆ ಬಹುಪಾಲು ಓಟವಾಗಿ ಮುಂದಕ್ಕೆ ಹೋಗುತ್ತೆ. ಹತ್ತು ಸಲ ಬಿದ್ದಮೇಲೆ ಅದೇ ಹಿಮ ಕಲ್ಲಾಗುತ್ತೆ. ರಾತ್ರಿ ಚಳಿ ಏರಿದರೆ ಇನ್ನೂ ಬೇಗ. ಪ್ರತಿ ಸಲ ಸಲಿಕೆ ಹಾಕಿ ಸಡಿಲ ಮಾಡಬೇಕು, ಆದರೆ ಅಷ್ಟು ಹೊತ್ತಿಗೆ ಎಲ್ಲರ ತೋಳೂ ಸೋತಿರುತ್ತೆ.

ನನಗೆ ಈಚೆಗೆ ನಿದ್ದೆ ಕೆಡಿಸಿರೋದು ಇದೇ. ನಾಲ್ಕು ಜನ ಮೂರು ಗಂಟೆ ಹಿಮ ಎತ್ತಿ ಹಾಕಿದಮೇಲೆ 'ಸಾಕು' ಅನ್ನೋಕೆ ನಿನಗೆ ಬಾಯೇ ಬರಲ್ಲ. ಅವರ ದುಡಿಮೆ ನಿನ್ನ ಮಂಡಿ ಮೇಲೆ ಸಾಲ ಆಗುತ್ತೆ. ಕೆಳಗೆ ಕ್ಯಾಮೆರಾ ಹಿಡಿದು 'ಇನ್ನೊಂದೇ ಸಲ' ಅನ್ನೋರಲ್ಲಿ ನಾನೂ ಒಬ್ಬ. ಬೀಳೋದು ನೀನೊಬ್ಬನೇ. ಇದನ್ನ ಎಲ್ಲರೆದುರು ಬರೀಬೇಕು ಅಂತಿರಲಿಲ್ಲ, ಬರೆದಾಯ್ತು.

2011ರ 'ಆಲ್.ಐ.ಕ್ಯಾನ್' ಚಿತ್ರದಲ್ಲಿ ಕೆನಡಾದ ಸ್ಕೀಗಾರ ಜೆಪಿ ಆಕ್ಲೇರ್ ಬ್ರಿಟಿಷ್ ಕೊಲಂಬಿಯಾದ ಬೀದಿ, ಅಂಗಳ, ಮೆಟ್ಟಿಲುಗಳಲ್ಲಿ ಜಾರಿಕೊಂಡು ಹೋದದ್ದು ನೋಡಿದಮೇಲೆ ಬೇಡ ಅನ್ನೋಕೆ ನನಗೆ ಮನಸ್ಸಿಲ್ಲ. ಹೋಗು. ಆದರೆ ಸಲಿಕೆ ಮುಟ್ಟೋ ಮುಂಚೆ, ಮೈ ಬಿಸಿಯಾಗೋ ಮುಂಚೆ, 'ಹದಿನೈದೇ ಸಲ' ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳು. ತಲೆಗೆ ಒಂದು ಪೆಟ್ಟು ಬಿದ್ದರೆ, ಹೆಲ್ಮೆಟ್ ಇದ್ದರೂ, ಆ ರಾತ್ರಿ ಮುಗೀತು. ಹೊರಡುವಾಗ ಮೆಟ್ಟಿಲು ತೆರವು ಮಾಡಿ ಬಾ. ಬೆಳಗ್ಗೆ ಯಾರೋ ಅಜ್ಜಿ ಅದೇ ಕಂಬಿ ಹಿಡಿದು ಇಳೀತಾರೆ.

ನನಗೂ ಒಂದು ಸಲಿಕೆ ಎತ್ತಿಟ್ಟಿರು. ಅರ ನಾನೇ ತರ್ತೀನಿ, ನಿನ್ನದು ಮೊಂಡಾಗಿ ಎರಡು ವರ್ಷ ಆಯ್ತು.

ನಿನ್ನ,
ಲೋಟದವನು